ಉಗಿಗೂ ಬೇಕು ಒಂದು ತಗ್ಗು

ಕಲ್ಲಿದ್ದಲಿನಿಂದ ವಿದ್ಯುತ್ ತಯಾರಿಸುವ ಸ್ಥಾವರದಲ್ಲಿ ನಡೆಯುವ ಒಂದು ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ರೈಲುಗಟ್ಟಲೆ ಕಲ್ಲಿದ್ದಲು ತಂದು ಸುಟ್ಟು ನೀರು ಕಾಯಿಸುತ್ತಾರೆ. ನೀರು ಉಗಿಯಾದ ಮೇಲೂ ಬಿಡದೆ, ಆ ಉಗಿಯನ್ನೇ ಇನ್ನಷ್ಟು ಕಾಯಿಸಿ ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾರೆ. ಅದು ಟರ್ಬೈನ್ ಚಕ್ರವನ್ನು ತಿರುಗಿಸಿ ಹೊರಬಂದದ್ದೇ ತಡ, ನದಿಯಿಂದ ತಣ್ಣೀರು ತಂದು ಅದನ್ನು ಮತ್ತೆ ನೀರಾಗಿಸುತ್ತಾರೆ. ಆ ನೀರನ್ನು ಬಾಯ್ಲರಿಗೆ ಕಳುಹಿಸಿ ಮೊದಲಿನಿಂದ ಕಾಯಿಸುತ್ತಾರೆ. ಕಲ್ಲಿದ್ದಲು ಕೊಟ್ಟ ಶಾಖದಲ್ಲಿ ಸುಮಾರು ಅರ್ಧದಷ್ಟು ಹೀಗೆ ತಣ್ಣೀರಿನ ಪಾಲಾಗುತ್ತದೆ.

ಇದು ಕಾಸು ಖರ್ಚು ಮಾಡಿ ಗಳಿಸಿದ್ದನ್ನು ಕಾಲುವೆಗೆ ಚೆಲ್ಲಿದಂತಲ್ಲವೆ? ಬಿಸಿ ಉಗಿಯನ್ನು ಹಾಗೆಯೇ ಬಾಯ್ಲರಿಗೆ ಹಿಂದಿರುಗಿಸಬಾರದೇಕೆ?

ಶಿವಮೊಗ್ಗದ ರಾಗಿಗುಡ್ಡದ ನಿವಾಸಿಗೆ ಈ ಪ್ರಶ್ನೆ ದೂರದ್ದೆನಿಸಬಹುದು. ಜಿಲ್ಲೆಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರವಿಲ್ಲ. ಇಲ್ಲಿಯವರಿಗೆ ವಿದ್ಯುತ್ ಎಂದರೆ ಜೋಗ, ಶರಾವತಿ, ಲಿಂಗನಮಕ್ಕಿ. ಆದರೆ ಜೋಗದ ವಿದ್ಯುತ್ತೂ ರಾಯಚೂರಿನ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆತು ಹರಿಯುತ್ತವೆ. ರಾಗಿಗುಡ್ಡದ ಮನೆಯೊಂದರಲ್ಲಿ ಉರಿಯುವ ದೀಪ ಯಾವ ಊರಿನದೆಂದು ಹೇಳಲು ಬರುವುದಿಲ್ಲ. ಅಷ್ಟೇ ಅಲ್ಲ, ಉಗಿಯನ್ನು ತಣಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಶಿವಮೊಗ್ಗ ಜಿಲ್ಲೆಗಿಂತ ಅನುಕೂಲವಾದ ಸ್ಥಳ ಇನ್ನೊಂದಿಲ್ಲ. ಆ ಉತ್ತರ ಜೋಗದಲ್ಲಿಯೇ ಇದೆ.

ಜೋಗದ ಪಾಠ

ಜೋಗದ ಬಳಿಯ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಶರಾವತಿ ವಿದ್ಯುದಾಗಾರದ ಮೊದಲ ಘಟಕ 1964ರಲ್ಲಿ ವಿದ್ಯುತ್ ಕೊಟ್ಟಿತು. ಶರಾವತಿಯಲ್ಲಿ ನೀರು ಬೃಹತ್ ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಕೆಳಗಿಳಿದು ಪೆಲ್ಟನ್ ಚಕ್ರಗಳ ಬಟ್ಟಲುಗಳಿಗೆ ಬಡಿಯುತ್ತದೆ. ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಈ ವಿದ್ಯುತ್ತಿಗಾಗಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ತೋಟ, ಗದ್ದೆಗಳನ್ನು ಕಳೆದುಕೊಂಡವರ ಕತೆ ಜಿಲ್ಲೆಯಲ್ಲಿ ಇಂದಿಗೂ ಮುಗಿದಿಲ್ಲ.

ಚಕ್ರಕ್ಕೆ ಬಡಿದ ಮೇಲೆ ನೀರು ಏನಾಗುತ್ತದೆ? ಅದು ಅಲ್ಲಿ ನಿಲ್ಲುವಂತಿಲ್ಲ. ಕೆಳಗೆ ಹರಿದು ಹೋಗಲೇಬೇಕು. ಹಾಗೆ ಹೊರಹೋಗುವ ಕಾಲುವೆಗೆ ಎಂಜಿನಿಯರರು ‘ಟೈಲ್ ರೇಸ್’ ಎನ್ನುತ್ತಾರೆ. ಶರಾವತಿ ವಿದ್ಯುದಾಗಾರದಿಂದ ಹೊರಬಂದ ನೀರನ್ನು ಕೆಳಗಡೆ ಗೇರುಸೊಪ್ಪೆಯಲ್ಲಿ ತಡೆದು ಮತ್ತೆ 240 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಗೆ ‘ಶರಾವತಿ ಟೈಲ್ ರೇಸ್’ ಎಂದೇ ಹೆಸರು. ಈ ಹೊರದಾರಿ ಮುಚ್ಚಿ ನೀರು ಚಕ್ರದ ಮಟ್ಟಕ್ಕೆ ಏರಿತೆಂದರೆ, ಮೇಲೆ ಲಿಂಗನಮಕ್ಕಿ ತುಂಬಿ ತುಳುಕುತ್ತಿದ್ದರೂ ಚಕ್ರ ನಿಲ್ಲುತ್ತದೆ.

ನೀರು ಮೇಲಿದ್ದರೆ ಮಾತ್ರ ಸಾಲದು, ಕೆಳಗೆ ತಗ್ಗೂ ಇರಬೇಕು. ಶಕ್ತಿ ಹುಟ್ಟುವುದು ಎತ್ತರದಿಂದಲ್ಲ, ಎತ್ತರಕ್ಕೂ ತಗ್ಗಿಗೂ ಇರುವ ಅಂತರದಿಂದ.

ಶಾಖಕ್ಕೂ ಇದೇ ನಿಯಮ. ಇದನ್ನು ಜಲಪಾತದ ಹೋಲಿಕೆಯಿಂದಲೇ ಮೊದಲು ವಿವರಿಸಿದವನು ಫ್ರಾನ್ಸಿನ ತರುಣ ಎಂಜಿನಿಯರ್ ಸಾದಿ ಕಾರ್ನೋ. 1824ರಲ್ಲಿ ಅವನು ಪ್ರಕಟಿಸಿದ ಪುಟ್ಟ ಪುಸ್ತಕ ಉಗಿಯಂತ್ರದ ಶಕ್ತಿಯ ಮೂಲವನ್ನು ಹುಡುಕಿತು. ನೀರು ಎತ್ತರದಿಂದ ತಗ್ಗಿಗೆ ಬೀಳುವಾಗ ಗಿರಣಿ ತಿರುಗುವಂತೆ, ಶಾಖ ಬಿಸಿಯಿಂದ ತಂಪಿಗೆ ‘ಬೀಳುವಾಗ’ ಯಂತ್ರ ತಿರುಗುತ್ತದೆ ಎಂದ ಕಾರ್ನೋ. ಜಲಪಾತಕ್ಕೆ ಎತ್ತರ ಹೇಗೋ ಯಂತ್ರಕ್ಕೆ ಉಷ್ಣತೆಯ ಅಂತರ ಹಾಗೆ. ಎಲ್ಲವೂ ಒಂದೇ ಸಮನೆ ಬಿಸಿಯಾಗಿರುವಲ್ಲಿ ಎಷ್ಟೇ ಶಾಖವಿದ್ದರೂ ಅದು ನಿಂತ ಕೆರೆ; ಅದರಿಂದ ಕೆಲಸ ಮಾಡಿಸಲಾಗದು.

ಹೋಲಿಕೆಯಲ್ಲಿ ಒಂದು ಕೊರತೆಯಿತ್ತು. ಜೋಗದಲ್ಲಿ ಮೇಲಿಂದ ಬಿದ್ದ ನೀರೆಲ್ಲ ಕೆಳಗೆ ಸಿಗುತ್ತದೆ. ಶಾಖ ಹಾಗಲ್ಲ, ಬೀಳುವಾಗಲೇ ಅದರ ಒಂದಂಶ ಕೆಲಸವಾಗಿ ಮಾರ್ಪಡುತ್ತದೆ. ಉಳಿದದ್ದು ಮಾತ್ರ ತಂಪಿನ ಕಡೆಗೆ ಹೋಗುತ್ತದೆ. 1850ರ ಆಸುಪಾಸಿನಲ್ಲಿ ಜರ್ಮನಿಯ ಕ್ಲಾಸಿಯಸ್ ಮತ್ತು ಬ್ರಿಟನ್ನಿನ ಕೆಲ್ವಿನ್ ಇದನ್ನು ಸರಿಪಡಿಸಿದರು. ಆದರೆ ಕಾರ್ನೋನ ಮುಖ್ಯ ಮಾತು ನಿಂತಿತು: ತಂಪಿನ ಕಡೆಗೆ ಏನನ್ನೂ ಬಿಡದೆ ಎಲ್ಲ ಶಾಖವನ್ನೂ ಕೆಲಸವಾಗಿಸುವ ಯಂತ್ರವನ್ನು ಯಾರೂ ಕಟ್ಟಲಾರರು. 1832ರಲ್ಲಿ, 36ನೆಯ ವಯಸ್ಸಿನಲ್ಲಿ, ಕಾಲರಾಕ್ಕೆ ಬಲಿಯಾದ ಕಾರ್ನೋ ತನ್ನ ಪುಸ್ತಕಕ್ಕೆ ಸಿಕ್ಕ ಮನ್ನಣೆಯನ್ನು ಕಾಣಲಿಲ್ಲ.

ಕುಕ್ಕರಿನ ಮುಚ್ಚಳ

ವಿಶೇಷವೆಂದರೆ, ಉಗಿಯಂತ್ರ ಹುಟ್ಟಿದ್ದೇ ತಣ್ಣೀರಿನ ಬಲದಿಂದ. ಪ್ರೆಶರ್ ಕುಕ್ಕರನ್ನು ಒಲೆಯಿಂದಿಳಿಸಿ, ವೆಯ್ಟ್ ತೆಗೆಯದೆ ಪೂರ್ತಿ ತಣ್ಣಗಾಗಲು ಬಿಟ್ಟರೆ ಮುಚ್ಚಳ ಕಚ್ಚಿಕೊಳ್ಳುವುದು ಗೃಹಿಣಿಯರಿಗೆ ಗೊತ್ತು. ವೆಯ್ಟ್ ಎತ್ತಿದೊಡನೆ ‘ಸುಯ್’ ಎಂದು ಗಾಳಿ ಒಳನುಗ್ಗುತ್ತದೆ. ಕುಕ್ಕರಿನಲ್ಲಿದ್ದ ಗಾಳಿಯನ್ನು ಹೊರದೂಡಿ ಕುಳಿತಿದ್ದ ಉಗಿ, ತಣ್ಣಗಾಗಿ ಹನಿಯಾದಾಗ ಒಳಗೆ ಬಹುಮಟ್ಟಿಗೆ ಶೂನ್ಯ ಉಂಟಾಗುತ್ತದೆ. ಮಾಮೂಲಿ ಒತ್ತಡದಲ್ಲಿ ಒಂದು ಲೋಟ ನೀರು ಉಗಿಯಾದರೆ ಸುಮಾರು 1,600 ಲೋಟದಷ್ಟು ಜಾಗ ಹಿಡಿಯುತ್ತದೆ. ಅದು ಮತ್ತೆ ನೀರಾದರೆ ಅಷ್ಟು ಜಾಗ ಖಾಲಿಯಾಗಲೇಬೇಕಲ್ಲ!

ಇಂಗ್ಲೆಂಡಿನ ಥಾಮಸ್ ನ್ಯೂಕಾಮೆನ್ 1712ರಲ್ಲಿ ಗಣಿಯ ನೀರೆತ್ತಲು ನಿಲ್ಲಿಸಿದ ಯಂತ್ರ ಈ ತತ್ತ್ವದ್ದೇ. ಸಿಲಿಂಡರಿನಲ್ಲಿ ಉಗಿ ತುಂಬಿಸಿ, ತಣ್ಣೀರು ಚಿಮುಕಿಸಿದರೆ ಒಳಗೆ ಶೂನ್ಯ. ಹೊರಗಿನ ಗಾಳಿಯ ಭಾರ ಕೊಂತವನ್ನು ಕೆಳಕ್ಕೆ ಒತ್ತುತ್ತಿತ್ತು. ಆದರೆ ಪ್ರತಿ ಸಲವೂ ಸಿಲಿಂಡರ್ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಬೇಕಿತ್ತು. ಸುಟ್ಟ ಇಂಧನದಲ್ಲಿ ನೂರಕ್ಕೆ ಒಂದು ಪಾಲು ಕೂಡ ಕೆಲಸವಾಗಿ ಸಿಗುತ್ತಿದ್ದುದು ಕಷ್ಟ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದ ಜೇಮ್ಸ್ ವಾಟ್ ಇಂಥ ಯಂತ್ರದ ಮಾದರಿಯೊಂದನ್ನು ರಿಪೇರಿ ಮಾಡುವಾಗ ಈ ದುಂದನ್ನು ಗಮನಿಸಿದ. 1765ರಲ್ಲಿ ಅವನಿಗೆ ಪರಿಹಾರ ಹೊಳೆಯಿತು. ಸಿಲಿಂಡರ್ ಸದಾ ಬಿಸಿಯಾಗಿಯೇ ಇರಲಿ. ಉಗಿಯನ್ನು ಪಕ್ಕದ ಇನ್ನೊಂದು ತಣ್ಣನೆಯ ಪಾತ್ರೆಗೆ ಹರಿಸಿ ಅಲ್ಲಿ ನೀರಾಗಿಸೋಣ. ಆ ಪಾತ್ರೆಯೇ ಕಂಡೆನ್ಸರ್. 1769ರಲ್ಲಿ ಪೇಟೆಂಟ್ ದೊರೆಯಿತು. ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್, ಕಾರ್ನ್‌ವಾಲಿನ ಗಣಿ ಮಾಲೀಕರಿಂದ ಶುಲ್ಕ ಪಡೆದ ರೀತಿ ಕುತೂಹಲಕರ: ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೆಯ ಒಂದು ಪಾಲು. ತಣಿಸುವ ಪಾತ್ರೆ ಕಲ್ಲಿದ್ದಲನ್ನು ಹಾಳು ಮಾಡುವ ಬದಲು ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಕಂಡೆನ್ಸರ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಶಿವಮೊಗ್ಗದ ಜನ ಬಹುಕಾಲ ಕಣ್ಣಾರೆ ಕಂಡಿದ್ದರು. ಬೀರೂರಿನಿಂದ ಭದ್ರಾವತಿಯ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ಉಗಿಬಂಡಿಯ ‘ಚುಕುಬುಕು’ ಸದ್ದು ಬೇರೇನೂ ಅಲ್ಲ, ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯಿಂದ ಆಕಾಶಕ್ಕೆ ಉಗುಳುವ ಸದ್ದು. ಓಡುವ ಬಂಡಿಯ ಮೇಲೆ ನದಿಯನ್ನು ಹೊತ್ತೊಯ್ಯುವುದು ಹೇಗೆ? ಆದ್ದರಿಂದ ಅದು ದಾರಿಯುದ್ದಕ್ಕೂ ನಿಂತು ನಿಂತು ನೀರು ಕುಡಿಯಬೇಕಾಗುತ್ತಿತ್ತು. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲನ್ನೂ ಅದು ಕೆಲಸವಾಗಿಸುತ್ತಿರಲಿಲ್ಲ.

ಕಲ್ಲಿದ್ದಲಿಲ್ಲದ ಸೀಮೆ

ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕೋಲಾರದ ಚಿನ್ನದ ಗಣಿಗಳು ಆರಂಭದಲ್ಲಿ ಉಗಿಯಂತ್ರಗಳನ್ನೇ ನಂಬಿದ್ದವು. ವಾಟ್‌ನ ಕಂಡೆನ್ಸರಿಗೆ ಬೆಲೆ ತೆತ್ತ ಅದೇ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಕೋಲಾರಕ್ಕೂ ಬಂದಿದ್ದರು. ಆದರೆ ಇಲ್ಲಿ ಇಂಧನ ದೂರದಿಂದ ಬರಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಆಡಳಿತದಲ್ಲಿ ರೂಪುಗೊಂಡು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಮುಂದಾಳತ್ವದಲ್ಲಿ ನಡೆದ ಶಿವನಸಮುದ್ರ ಯೋಜನೆ ಈ ತೊಡಕಿಗೆ ಉತ್ತರವಾಯಿತು. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿಗಳನ್ನು ತಲುಪಿತು. ಶೇಷಾದ್ರಿ ಅಯ್ಯರ್ ಆ ದಿನವನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಭದ್ರಾವತಿಯ ಕತೆಯೂ ಇದೇ ಕೊರತೆಯ ಕತೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲಿನಿಂದ ಅದಿರು ಕರಗಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿ ಅದನ್ನು ಕಷ್ಟದ ದಿನಗಳಿಂದ ಮೇಲೆತ್ತಿದರು. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳಲ್ಲಿ ಕಬ್ಬಿಣ ತೆಗೆಯುವ ಕೆಲಸ ನಡೆಯಿತು.

ಹೀಗೆ ನಾಡಿನ ದೀಪ, ಗಿರಣಿ, ಕುಲುಮೆಗಳೆಲ್ಲ ದಶಕಗಳ ಕಾಲ ಮಳೆಯನ್ನೇ ನಂಬಿದ್ದವು. ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತ. ಈ ಅವಲಂಬನೆ ಸಡಿಲವಾಗತೊಡಗಿದ್ದು 1985ರಲ್ಲಿ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಆರಂಭವಾದಾಗ. ಅಲ್ಲಿ ಒಂದೊಂದಾಗಿ ಎಂಟು ಘಟಕಗಳು ಎದ್ದು ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ಬಳಿಕ ಬಳ್ಳಾರಿ ಬಳಿಯ ಕುಡಿತಿನಿ, ರಾಯಚೂರಿನದೇ ಯರಮರಸ್ ಸ್ಥಾವರಗಳು ಬಂದವು.

ಮಳೆಯ ಹಂಗು ಹರಿಯಲೆಂದು ಕಟ್ಟಿದ ಸ್ಥಾವರ ನದಿಯ ದಂಡೆಯಲ್ಲೇ ಏಕೆ ನಿಂತಿತು? ಕಲ್ಲಿದ್ದಲಿಗೆ ತಂಪು ಬೇಕಲ್ಲ, ಅದಕ್ಕೆ.

ಕಂಡೆನ್ಸರಿನ ಒಳಗೆ

210 ಮೆಗಾವಾಟಿನ ಒಂದು ಘಟಕವನ್ನು ತೆಗೆದುಕೊಳ್ಳೋಣ. ಅದರ ಬಾಯ್ಲರಿನಿಂದ ಗಂಟೆಗೆ ಸುಮಾರು 650 ಟನ್ ಉಗಿ ಹೊರಡುತ್ತದೆ. ಅದರ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟಿಗೂ ಹೆಚ್ಚು. ಟರ್ಬೈನಿನಲ್ಲಿ ಸಾಲುಸಾಲಾಗಿರುವ ಅಲಗುಗಳ ನಡುವೆ ಹಾಯುತ್ತ ಉಗಿ ಹಿಗ್ಗುತ್ತದೆ. ಹಿಗ್ಗಿದಂತೆ ತಾನಾಗಿಯೇ ತಣ್ಣಗಾಗುತ್ತದೆ. ಕೊನೆಯ ಸಾಲು ದಾಟುವ ಹೊತ್ತಿಗೆ ಅದರ ಉಷ್ಣತೆ ಸುಮಾರು 45 ಡಿಗ್ರಿ. ಹಂಡೆಯಲ್ಲಿ ಕಾಯಿಸಿದ ಸ್ನಾನದ ನೀರಿನಷ್ಟು ಬಿಸಿ, ಅಷ್ಟೆ.

ಆದ್ದರಿಂದ ‘540 ಡಿಗ್ರಿಯ ಉಗಿಯನ್ನು ತಣ್ಣೀರಿನಲ್ಲಿ ತಣಿಸುತ್ತಾರೆ’ ಎಂಬ ಮಾತು ಪೂರ್ತಿ ಸರಿಯಲ್ಲ. 540ರಿಂದ 45ಕ್ಕೆ ಇಳಿಸುವುದು ಟರ್ಬೈನಿನ ಕೆಲಸ. ವಿದ್ಯುತ್ ಸಿಗುವುದೇ ಆ ಇಳಿತದಲ್ಲಿ. ಕಂಡೆನ್ಸರ್ ಮಾಡುವುದು 45 ಡಿಗ್ರಿಯ ಉಗಿಯನ್ನು ಹೆಚ್ಚುಕಡಿಮೆ ಅಷ್ಟೇ ಬಿಸಿಯ ನೀರಾಗಿಸುವುದನ್ನು ಮಾತ್ರ.

ಆದರೆ ಉಗಿ ನೀರಾಗುವುದು ಸಣ್ಣ ಮಾತಲ್ಲ. ಒಂದು ಗ್ರಾಂ ನೀರನ್ನು ಸೊನ್ನೆಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು. ಆ 100 ಡಿಗ್ರಿಯ ನೀರನ್ನು ಉಗಿಯಾಗಿಸಲು ಇನ್ನೂ 540 ಕ್ಯಾಲೊರಿ ಬೇಕು. ಇಡ್ಲಿ ಪಾತ್ರೆಯ ಹಬೆ ತಾಗಿದರೆ ಕುದಿನೀರಿಗಿಂತ ಹೆಚ್ಚು ಸುಡುವುದು ಈ ಅಡಗಿದ ಶಾಖದಿಂದ. ಕಂಡೆನ್ಸರಿನಲ್ಲಿ ಉಗಿ ಬಿಟ್ಟುಕೊಡುವುದು ಇದನ್ನೇ. ಇದನ್ನು ಹೊತ್ತೊಯ್ಯಲು 210 ಮೆಗಾವಾಟಿನ ಘಟಕಕ್ಕೆ ಗಂಟೆಗೆ 20 ಸಾವಿರ ಘನ ಮೀಟರಿಗೂ ಹೆಚ್ಚು ತಣ್ಣೀರು ಕೊಳವೆಗಳಲ್ಲಿ ಸುತ್ತುತ್ತಿರಬೇಕು.

ಇಷ್ಟು ಮಾಡಿ ಸಿಗುವ ಲಾಭ ಮೂರು. ಮೊದಲನೆಯದು ತಗ್ಗು. ಕಂಡೆನ್ಸರಿನಲ್ಲಿ ಒತ್ತಡ ಸುತ್ತಲಿನ ಗಾಳಿಯದರ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಉಗಿ 100 ಡಿಗ್ರಿಯಲ್ಲಿ ನಿಲ್ಲದೆ 45ರವರೆಗೂ ಹಿಗ್ಗುತ್ತ ಕೆಲಸ ಮಾಡುತ್ತದೆ. ಕಾರ್ನೋ ಲೆಕ್ಕದಲ್ಲಿ, 540 ಡಿಗ್ರಿಯ ಉಗಿಯನ್ನು 100 ಡಿಗ್ರಿಯಲ್ಲಿ ಹೊರಬಿಟ್ಟರೆ ಕೆಲಸವಾಗಿಸಬಹುದಾದ ಶಾಖದ ಮಿತಿ ನೂರಕ್ಕೆ 54. 45 ಡಿಗ್ರಿಯಲ್ಲಿ ಬಿಟ್ಟರೆ 61. ಇದು ಆದರ್ಶ ಯಂತ್ರದ ಲೆಕ್ಕ. ನಿಜವಾದ ಸ್ಥಾವರಗಳಿಗೆ ಸಿಗುವುದು 35ರಿಂದ 40.

ಎರಡನೆಯದು ಪಂಪಿನ ಉಳಿತಾಯ. ಕೆಲಸ ಮುಗಿದ ಉಗಿಯನ್ನು ಹಾಗೆಯೇ ಬಾಯ್ಲರಿಗೆ ತುಂಬಲು ಅದನ್ನು ಹಿಂದಿನ ಒತ್ತಡಕ್ಕೆ ಹಿಂಡಬೇಕು. ಹಿಂಡುವ ಯಂತ್ರಕ್ಕೆ ಟರ್ಬೈನ್ ಗಳಿಸಿದ್ದೆಲ್ಲ ಖರ್ಚಾಗಿ, ಮೇಲೆ ಕೈಯಿಂದ ಹಾಕಬೇಕಾದೀತು. ಅದು ಜೋಗದಲ್ಲಿ ಬಿದ್ದ ನೀರನ್ನು ಜೋಗದ ವಿದ್ಯುತ್ತಿನಿಂದಲೇ ಮೇಲೆತ್ತಿ ಮತ್ತೆ ಬೀಳಿಸಿದಂತೆ. ಉಗಿ ನೀರಾದರೆ ಅದರ ಗಾತ್ರ ಸಾವಿರಾರು ಪಟ್ಟು ಕುಗ್ಗುತ್ತದೆ. ಆಗ ಬಾಯ್ಲರಿಗೆ ತಳ್ಳಲು ತಗಲುವ ಶಕ್ತಿ ಗಳಿಕೆಯ ಸಣ್ಣದೊಂದು ಪಾಲು.

ಮೂರನೆಯದು ನೀರಿನ ಶುದ್ಧತೆ. ಬಾಯ್ಲರಿಗೆ ನದಿಯ ನೀರು ನೇರವಾಗಿ ಆಗದು. ಲವಣಾಂಶ ತೆಗೆದ ನೀರೇ ಬೇಕು. ಇಲ್ಲವಾದರೆ ಕೊಳವೆಗಳ ಒಳಗೆ ಗಸಿ ಕಟ್ಟುತ್ತದೆ. ಶ್ರಮಪಟ್ಟು ಶುದ್ಧಗೊಳಿಸಿದ ನೀರು ಕಂಡೆನ್ಸರಿನ ದಯೆಯಿಂದ ಮತ್ತೆ ಮತ್ತೆ ಬಳಕೆಗೆ ಸಿಗುತ್ತದೆ.

ಯರಮರಸ್‌ನ 800 ಮೆಗಾವಾಟಿನ ಘಟಕಗಳಲ್ಲಿ ಒತ್ತಡ ಎಷ್ಟು ಹೆಚ್ಚೆಂದರೆ ನೀರು ಕುದಿಯುವ ಹಂತವೇ ಇಲ್ಲದೆ ಉಗಿಯಾಗುತ್ತದೆ. ಅಂಥ ಘಟಕಕ್ಕೂ ಕಂಡೆನ್ಸರ್ ತಪ್ಪಿದ್ದಲ್ಲ. ಕೈಗಾದಲ್ಲಿ ಪರಮಾಣು ಶಾಖದಿಂದ ಉಗಿ ಎಬ್ಬಿಸುತ್ತಾರೆ. ಅಲ್ಲಿ ಉಗಿ ಸುಮಾರು 250 ಡಿಗ್ರಿ ಮಾತ್ರ. ಎತ್ತರ ಕಡಿಮೆಯಾದ್ದರಿಂದ ಪ್ರತಿ ಯೂನಿಟ್ ವಿದ್ಯುತ್ತಿಗೆ ಹೊರಹಾಕಬೇಕಾದ ಶಾಖ ಇನ್ನೂ ಹೆಚ್ಚು. ಅದನ್ನು ಹೊರುವುದು ಕಾಳಿ ನದಿಯ ಕದ್ರಾ ಜಲಾಶಯ.

ಭದ್ರಾವತಿಯ ಜಾಣತನ

ಅಷ್ಟೊಂದು ಶಾಖವನ್ನು ಬೇರೆ ಕೆಲಸಕ್ಕೆ ಬಳಸಬಾರದೆ? ಬಳಸಬಹುದು, ಶಾಖ ಬೇಕಾದವರು ಪಕ್ಕದಲ್ಲೇ ಇದ್ದರೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಅಂಥ ಜಾಗ. 1936ರಲ್ಲಿ ಸ್ಥಾಪನೆಯಾದ ಈ ಕಾರ್ಖಾನೆ 1980ರ ದಶಕದಿಂದ ಪತ್ರಿಕಾ ಕಾಗದ ತಯಾರಿಸಿತು. ಅನೇಕ ಕನ್ನಡ ಪತ್ರಿಕೆಗಳು ಆ ಕಾಗದದ ಮೇಲೆ ಅಚ್ಚಾಗಿ ಮನೆಮನೆ ಸೇರಿದವು. ಅದಕ್ಕೆ ಸಕ್ಕರೆ ಘಟಕವೂ ಇತ್ತು.

ಕಾಗದದ ಯಂತ್ರದಲ್ಲಿ ಒದ್ದೆ ಹಾಳೆ ಒಣಗುವುದು ಒಳಗೆ ಉಗಿ ತುಂಬಿದ ಟೊಳ್ಳು ಕಬ್ಬಿಣದ ಉರುಳೆಗಳ ಮೇಲೆ ಸುತ್ತಿ ಬಂದಾಗ. ಒಂದು ಕಿಲೋ ಕಾಗದ ಒಣಗಲು ಸರಿಸುಮಾರು ಒಂದು ಕಿಲೋಗಿಂತ ಹೆಚ್ಚು ನೀರು ಆವಿಯಾಗಬೇಕು. ಅದಕ್ಕೆ 540 ಡಿಗ್ರಿ ಬೇಡ, ಹದವಾದ ಉಗಿ ಸಾಕು. ಆದ್ದರಿಂದ ಕಾಗದ ಮತ್ತು ಸಕ್ಕರೆ ಕಾರ್ಖಾನೆಗಳು ಮೊದಲು ಉಗಿಯಿಂದ ಟರ್ಬೈನ್ ತಿರುಗಿಸಿ ವಿದ್ಯುತ್ ತೆಗೆದು, ನಡುವೆ ಹೊರತೆಗೆದ ಉಗಿಯನ್ನು ಕೆಲಸಕ್ಕೆ ಕಳುಹಿಸುತ್ತವೆ. ಆ ಉಗಿ ಉರುಳೆಯೊಳಗೆ ತನ್ನ ಅಡಗಿದ ಶಾಖವನ್ನು ಕಾಗದಕ್ಕೆ ಕೊಟ್ಟು ನೀರಾಗುತ್ತದೆ. ಅಂದರೆ ಉಗಿಯನ್ನು ಅಲ್ಲಿಯೂ ತಣಿಸುತ್ತಾರೆ. ಕಾಗದದ ಯಂತ್ರವೇ ಅಲ್ಲಿ ಕಂಡೆನ್ಸರ್!

ಇದಕ್ಕೂ ಬೆಲೆಯುಂಟು. ಉಗಿಯನ್ನು 45 ಡಿಗ್ರಿಗೆ ಇಳಿಸದೆ ನೂರಕ್ಕಿಂತ ಮೇಲೆಯೇ ಹೊರತೆಗೆದಾಗ ವಿದ್ಯುತ್ ಕಡಿಮೆ ಸಿಗುತ್ತದೆ. ಆದರೆ ಒಟ್ಟು ಶಾಖದ ಬಳಕೆ ಬಹಳ ಸುಧಾರಿಸುತ್ತದೆ. ಶಕ್ತಿನಗರದ ಪಕ್ಕದಲ್ಲಿ ಅಷ್ಟೂ ಶಾಖವನ್ನು ಕೊಳ್ಳುವ ಕಾಗದ ಕಾರ್ಖಾನೆಗಳಿಲ್ಲ. 45 ಡಿಗ್ರಿಯ ಶಾಖವನ್ನು ದೂರ ಸಾಗಿಸಿ ಲಾಭವೂ ಇಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳೂ 2015ರ ನಂತರ ನಿಂತುಹೋದವು. ಕಾರ್ಮಿಕರ ಬಡಾವಣೆಗಳು ಬರಿದಾದವು.

ತಂಪಿನ ಬೆಲೆ

ಇಲ್ಲಿಗೆ ಪ್ರಶ್ನೆ ಎಂಜಿನಿಯರರ ಕೈಯಿಂದ ಜನರ ಕೈಗೆ ಬರುತ್ತದೆ. ಕಂಡೆನ್ಸರಿನಿಂದ ಬಿಸಿಯಾಗಿ ಬಂದ ನೀರನ್ನು ನಡು ಸಣ್ಣಗಾದ ಬೃಹತ್ ಗೋಪುರಗಳಲ್ಲಿ ಹನಿಹನಿಯಾಗಿ ಬೀಳಿಸಿ ಗಾಳಿಗೆ ತಣಿಸುತ್ತಾರೆ. ಮಣ್ಣಿನ ಹೂಜಿಯ ನೀರು ತಂಪಾಗುವ ರೀತಿಯೇ ಇದು: ಒಂದಿಷ್ಟು ನೀರು ಆವಿಯಾಗಿ ಉಳಿದದ್ದನ್ನು ತಂಪು ಮಾಡುತ್ತದೆ. ಗೋಪುರದ ಬಾಯಿಂದ ಏಳುವ ಬಿಳಿಯ ಮೋಡ ಹೊಗೆಯಲ್ಲ, ನದಿಯ ನೀರು. ಅದು ನದಿಗೆ ಮರಳುವುದಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹಳೆಯ ಸ್ಥಾವರಗಳಿಗೆ ವಿಧಿಸಿದ ನೀರಿನ ಮಿತಿ ಪ್ರತಿ ಮೆಗಾವಾಟ್ ಗಂಟೆಗೆ 3.5 ಘನ ಮೀಟರ್. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಯೂನಿಟ್ಟಿಗೆ ಮೂರೂವರೆ ಲೀಟರ್. ಆ ಮಿತಿಯೊಳಗೇ ಇದ್ದರೂ, 210 ಮೆಗಾವಾಟಿನ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ ಏಳು ಲಕ್ಷ ಲೀಟರಿಗೂ ಹೆಚ್ಚು ಬಳಸಬಹುದು.

ನೀರಿಲ್ಲದಿದ್ದರೆ? ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಪರಳಿ ಸ್ಥಾವರ 2015ರ ಬರಗಾಲದಲ್ಲಿ ನೀರಿನ ಕೊರತೆಯಿಂದ ಸ್ಥಗಿತಗೊಂಡಿತು. 2016ರ ಮಾರ್ಚಿಯಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರ, ಗಂಗೆಯ ಕಾಲುವೆಯಲ್ಲಿ ನೀರು ಇಳಿದದ್ದರಿಂದ ನಿಲ್ಲಬೇಕಾಯಿತು. ಮಳೆಯನ್ನು ನಂಬಲಾಗದೆಂದು ಕಲ್ಲಿದ್ದಲಿಗೆ ಹೋದ ನಾವು ಹಿಂಬಾಗಿಲಿನಿಂದ ಮಳೆಯ ಬಳಿಗೇ ಬಂದಂತಾಯಿತು.

ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟಿನ ಸ್ಥಾವರ ತಂಪಿಗಾಗಿ ಸಮುದ್ರದ ನೀರನ್ನು ತರುತ್ತದೆ. ಸಿಹಿನೀರು ಉಳಿಯಿತು; ಆದರೆ ಗೋಪುರದ ಉಪ್ಪುನೀರಿನ ತುಂತುರು ಬೆಳೆಗೆ ಬೀಳುತ್ತದೆಂಬ ದೂರು ಸುತ್ತಲಿನ ರೈತರಿಂದ ಬಂತು. ನೀರಿನ ಬದಲು ಗಾಳಿಯಿಂದಲೇ ಉಗಿಯನ್ನು ತಣಿಸುವ ಕಂಡೆನ್ಸರುಗಳೂ ಇವೆ. ಆದರೆ ಬೇಸಿಗೆಯ ಗಾಳಿ ನದಿಯಷ್ಟು ತಂಪಲ್ಲ. ತಗ್ಗಿನ ಆಳ ಕಡಿಮೆಯಾಗಿ ಅಷ್ಟೇ ಕಲ್ಲಿದ್ದಲಿಗೆ ವಿದ್ಯುತ್ ಕಡಿಮೆ ಬರುತ್ತದೆ. ಮೈಸೂರು ಜಿಲ್ಲೆಯ ಚಾಮಲಾಪುರದಲ್ಲಿ ಉಷ್ಣ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಾಗ ರೈತರು ಹೋರಾಡಿ ಅದನ್ನು ಕೈಬಿಡುವಂತೆ ಮಾಡಿದರು. ಅವರು ಕಾರ್ನೋನ ಪುಸ್ತಕ ಓದಿರಬೇಕಾಗಿಲ್ಲ. ಸ್ಥಾವರ ಬಂದರೆ ನೆಲ, ನೀರು, ಗಾಳಿ ಮೂರರ ಮೇಲೂ ಅದರ ಭಾರ ಬೀಳುತ್ತದೆಂಬುದು ಅವರಿಗೆ ಗೊತ್ತಿತ್ತು.

ಉಗಿಯನ್ನು ತಣಿಸುವುದು ಎಂಜಿನಿಯರರ ಅಜಾಗ್ರತೆಯಲ್ಲ. ಶಾಖ ಕೆಲಸ ಮಾಡಬೇಕಾದರೆ ಪ್ರಕೃತಿ ವಿಧಿಸಿದ ಷರತ್ತು. ಅದನ್ನು ಯಾವ ಸರ್ಕಾರವೂ, ಯಾವ ಕಂಪನಿಯೂ ತಪ್ಪಿಸಲಾರದು. ಆದರೆ ಆ ತಂಪನ್ನು ಯಾವ ನದಿಯಿಂದ, ಯಾವ ಊರಿನ ಪಾಲಿನಿಂದ ತರಬೇಕು ಎಂಬುದನ್ನು ಪ್ರಕೃತಿ ನಿರ್ಧರಿಸುವುದಿಲ್ಲ, ನಾವು ನಿರ್ಧರಿಸುತ್ತೇವೆ. ಹೊಸ ಸ್ಥಾವರದ ಮಾತು ಬಂದಾಗ ಇಂಧನ ಎಲ್ಲಿಂದ ಬರುತ್ತದೆ, ಎಷ್ಟು ಮೆಗಾವಾಟ್ ಸಿಗುತ್ತದೆ ಎಂದು ಕೇಳುವುದು ರೂಢಿ. ತಂಪು ಎಲ್ಲಿಂದ ಬರುತ್ತದೆ ಎಂಬುದನ್ನೂ ಮೊದಲ ದಿನವೇ ಕೇಳುವುದು ಒಳ್ಳೆಯದು.